ತಿಪ್ಪಣ್ಣನವರಿಗೆ ಕೂರಲು ಜಾಗ

ನ್ಯೂಜೆರ್ಸಿಯ ಮೆಟುಚೆನ್ ಸ್ಟೇಷನ್ನಿನಿಂದ ರಾಜಶೇಖರನ ಅಪಾರ್ಟ್‌ಮೆಂಟಿಗೆ ನೆಟ್ಟಗಿನ ದಾರಿಯೊಂದಿದೆ. ರೈಲು ಸೇತುವೆಯ ಕೆಳಗೆ ನುಸುಳಿ, ದಿಬ್ಬ ಹತ್ತಿ, ಹಳೆಯ ಡಚ್ ಚರ್ಚಿನ ಪಕ್ಕದಲ್ಲಿ ಇಳಿದರೆ ಮನೆ ಬಂದೇಬಿಟ್ಟಿತು. ಆದರೆ ಫೆಬ್ರುವರಿಯಿಂದೀಚೆಗೆ ಅವನು ಆ ದಾರಿಯನ್ನೇ ಬಿಟ್ಟಿದ್ದ. ಅವ್ವ ರುದ್ರಮ್ಮ ಕಾರಿನಲ್ಲಿದ್ದರಂತೂ ಕೇಳುವುದೇ ಬೇಡ. ಓಕ್ ಟ್ರೀ ರೋಡಿನಲ್ಲಿ ಮೆಂತ್ಯದ ಸೊಪ್ಪು ಕೊಳ್ಳುವುದಕ್ಕೂ ಹೈವೇ ಹಿಡಿದು ಅರ್ಧ ಎಡಿಸನ್ ಸುತ್ತಿಸುತ್ತಿದ್ದ.

"ಯಾಕ್ರೀ ಇಷ್ಟು ಸುತ್ತು?" ಎಂದು ಹೆಂಡತಿ ಸುಪ್ರಿಯಾ ಕೇಳಿದರೆ, "ಈ ಕಡೆ ಸಿಗ್ನಲ್ ಕಡಿಮಿ" ಎನ್ನುತ್ತಿದ್ದ.

"ಸಿಗ್ನಲ್ ಕಡಿಮೆ, ಪೆಟ್ರೋಲು ಜಾಸ್ತಿ. ಒಳ್ಳೆ ಲೆಕ್ಕ ನಿಮ್ದು." ಸುಪ್ರಿಯಾ ತುಮಕೂರಿನವಳು, ಮಾತು ಬಾಕಿ ಇಟ್ಟುಕೊಳ್ಳುವವಳಲ್ಲ.

ಸಿಗ್ನಲ್ಲಿನ ಮಾತು ಸುಳ್ಳು. ಆ ಚರ್ಚಿನ ಸುತ್ತ ಸ್ಮಶಾನವಿತ್ತು. ರಸ್ತೆಯಂಚಿನ ಮೋಟುಗೋಡೆಯವರೆಗೂ ಕೆಂಪು ಕಲ್ಲುಗಳು ಒಂದಕ್ಕೊಂದು ಒರಗಿಕೊಂಡು ನಿಂತಿದ್ದವು. ಅದು ಅವ್ವನ ಕಣ್ಣಿಗೆ ಬೀಳಬಾರದು. ಅವನ ಸುತ್ತಾಟಕ್ಕೆಲ್ಲ ಕಾರಣ ಅದೊಂದೇ.

ಅವನ ಅಪ್ಪ ತಿಪ್ಪಣ್ಣ ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ಮೈಕಿನ ಮುಂದೆ ಕುರ್ಚಿ ಹಾಕಿಕೊಂಡು ಕೂತು, ರೋಣದ ಬಸ್ಸು ಬಂತು, ಇಳಕಲ್ಲಿನ ಬಸ್ಸು ಹೊರಟಿತು ಎಂದು ಕೂಗಿ ಕೂಗಿ ರಿಟೈರ್ ಆದವರು. ಕೂರುವ ವಿಷಯದಲ್ಲಿ ಅವರಿಗೊಂದು ಶಿಸ್ತಿತ್ತು. ಯಾವ ಬಸ್ಸು ಹತ್ತುವುದಿದ್ದರೂ ಮೊದಲು ಹೆಗಲ ಮೇಲಿನ ಟವೆಲನ್ನು ಕಿಟಕಿಯಿಂದ ಒಳಗೆ ಒಗೆದು ಸೀಟು ಹಿಡಿಯಬೇಕು, ಆಮೇಲೆ ನಿಧಾನಕ್ಕೆ ಬಾಗಿಲಿನಿಂದ ಹತ್ತಬೇಕು. ಹೆಂಡತಿಯನ್ನು ಕರೆದುಕೊಂಡು ಮಗನ ಮನೆಗೆಂದು ನ್ಯೂಜೆರ್ಸಿಗೆ ಬಂದಿಳಿದ ಮೊದಲ ದಿನವೇ ಊಟದ ಮೇಜಿನ ಕಿಟಕಿ ಪಕ್ಕದ ಕುರ್ಚಿಗೆ ಟವೆಲ್ ಬಿದ್ದಿತ್ತು. "ಊರ ತುಂಬ ಹುಲ್ಲು ಬೆಳಸ್ಯಾರ, ಕುಂದ್ರಾಕ ಒಂದ ಕಟ್ಟಿ ಇಲ್ಲ. ಇದೆಂಥಾ ಊರೋ ರಾಜಾ" ಎಂದು ವಾಕಿಂಗ್‌ನಿಂದ ಬಂದಾಗಲೆಲ್ಲ ಹೇಳುತ್ತಿದ್ದರು.

ಎರಡು ಸಾವಿರದ ಇಸವಿ ಹುಟ್ಟಿದೊಡನೆ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆ ಎಂದು ಆ ಚಳಿಗಾಲ ಲೋಕವೆಲ್ಲ ಹೆದರಿತ್ತು. ರಾಜಶೇಖರನ ಕಂಪನಿ ಅದೇ ಭಯದ ಮೇಲೆ ನಡೆಯುತ್ತಿತ್ತು. ಯಾವ ಕಂಪ್ಯೂಟರೂ ನಿಲ್ಲಲಿಲ್ಲ. ಫೆಬ್ರುವರಿಯಲ್ಲಿ ತಿಪ್ಪಣ್ಣನವರ ಎದೆ ನಿಂತಿತು.

ಅವರದು ಲಿಂಗಾಯತ ಮನೆತನ. ಅವರಲ್ಲಿ ಸತ್ತವರನ್ನು ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ಅದೂ ಮಲಗಿಸಿ ಅಲ್ಲ. ಗುಣಿಯೊಳಗೆ ಗೂಡು ತೆಗೆದು, ಚಕ್ಕಳಮಕ್ಕಳ ಹಾಕಿ ಕೂರಿಸಿ, ಬದುಕಿಡೀ ಕೊರಳಲ್ಲಿ ಕಟ್ಟಿಕೊಂಡ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ವಿಭೂತಿ ಸುರಿದು ಮುಚ್ಚುತ್ತಾರೆ. ಇದು ರಾಜಶೇಖರನಿಗೆ ಗೊತ್ತಿರಲಿಲ್ಲವೆಂದಲ್ಲ. ಅಜ್ಜನನ್ನು ಹಾಗೆ ಕೂರಿಸಿದ್ದನ್ನು ಚಿಕ್ಕವನಿದ್ದಾಗ ಕಣ್ಣಾರೆ ಕಂಡಿದ್ದ. ಆದರೆ ಆ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಅವನ ಪಕ್ಕ ನಿಂತಿದ್ದವನು ಪ್ರಾಣೇಶ. ಧಾರವಾಡದವನು, ಕನ್ನಡ ಕೂಟದಲ್ಲಿ ಏರ್‌ಪೋರ್ಟಿನ ಪಿಕಪ್ಪಿಗೂ ಅವನೇ, ಸಾವಿಗೂ ಅವನೇ.

"ನೋಡೋ ರಾಜು, ನೆಲಾ ಕಬ್ಬಿಣ ಆಗ್ಯದ. ಇಲ್ಲೆ ನಮ್ಮವರದು ಎಲ್ಲಾರ್ದೂ ಕ್ರಿಮೇಶನ್ನs. ನೀ ಸುಮ್ಮನ ಕೂಡು, ನಾ ಎಲ್ಲಾ ಬರೋಬ್ಬರಿ ಮಾಡ್ತೀನಿ" ಎಂದ ಪ್ರಾಣೇಶ.

ನಮ್ಮಲ್ಲಿ ಸುಡುವುದಿಲ್ಲ ಎನ್ನುವ ಮಾತು ರಾಜಶೇಖರನ ನಾಲಿಗೆಯ ತುದಿಗೆ ಬಂದಿತ್ತು. ಜಾಗ ಹುಡುಕಬೇಕು, ಅಗೆಯುವವರನ್ನು ಹುಡುಕಬೇಕು, ಕೂರಿಸಬೇಕೆಂದು ಈ ಅಮೆರಿಕದವರಿಗೆ ತಿಳಿಸಿ ಹೇಳಬೇಕು. ಆಫೀಸಿನಲ್ಲಿ ಆ ವಾರಾಂತ್ಯಕ್ಕೆ ಸಾಫ್ಟ್‌ವೇರ್ ರಿಲೀಸ್ ಬೇರೆ ಇತ್ತು. ಅವನು ಆಗಲಿ ಎಂದು ತಲೆಯಾಡಿಸಿದ. ರಸ್ತೆಯಲ್ಲಿ ಐಸ್ ಇದೆಯೆಂದು ಹೆಂಗಸರನ್ನು ಮನೆಯಲ್ಲೇ ಬಿಟ್ಟರು. ಕ್ರಿಮೆಟೋರಿಯಮ್ಮಿನಲ್ಲಿ, ಮಗನೇ ಒತ್ತಬೇಕೆಂದು ಗೋಡೆಯ ಮೇಲಿನ ಹಸಿರು ಬಟನ್ ತೋರಿಸಿದರು. ಒತ್ತಿದ.

ಹೊರಗೆ ಪಾರ್ಕಿಂಗಿನಲ್ಲಿ ಫ್ಯೂನರಲ್ ಹೋಮಿನವನು ಒಂದು ದಪ್ಪ ಚೀಲ ತಂದುಕೊಟ್ಟ. ಒಳಗೆ ಅಪ್ಪನ ವಾಚು, ಉಂಗುರ, ಮತ್ತು ಬೆಳ್ಳಿಯ ಕರಡಿಗೆ. ಕರಡಿಗೆಯೆಂದರೆ ಲಿಂಗವಿಡುವ ಸಣ್ಣ ಭರಣಿ. ಅಂಗೈಯಲ್ಲಿ ಇರಬೇಕಾದ ಲಿಂಗ ಅದರೊಳಗೇ ಇತ್ತು. ಒಡವೆಯೆಂದು ತಿಳಿದು ಬಿಚ್ಚಿಟ್ಟಿದ್ದರು. ರಾಜಶೇಖರ ಅದನ್ನು ಕಾರಿನ ಗ್ಲೋವ್ ಕಂಪಾರ್ಟ್‌ಮೆಂಟಿನಲ್ಲಿಟ್ಟು ಬೀಗ ಹಾಕಿದ.

ಮನೆಯಲ್ಲಿ ರುದ್ರಮ್ಮ ಬಾಗಿಲಲ್ಲೇ ಕೇಳಿದರು. "ಛಂದಂಗ ಕುಂದ್ರಸಿದ್ರೇನು?"

"ಚಳಿಗಾಲದಾಗ ಇಲ್ಲಿ ಯಾರನ್ನೂ ಮಣ್ಣು ಮಾಡಂಗಿಲ್ಲವ್ವ. ನೆಲ ಕಲ್ಲಾಗಿರತೈತಿ. ಎಲ್ಲಾರನ್ನೂ ಸುಡಬೇಕಂತ ಕಾಯ್ದೆ ಐತಿ."

ರುದ್ರಮ್ಮ ಸೆರಗು ಎಳೆದು ತಲೆಯ ಮೇಲೆ ಹೊದ್ದರು. "ಲಿಂಗ?"

"ಕೈಯಾಗ ಇಟ್ವಿ."

"ಹೂಂ. ದೇಶದ ಕಾಯ್ದೆ ಅಂದ ಮ್ಯಾಲೆ ಏನ್ಮಾಡಾಕಾಗತೈತಿ" ಎಂದು ಒಳಗೆ ಹೋದರು.

ಬೂದಿ ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮನೆಗೆ ಬಂತು. ಅದನ್ನು ಏನು ಮಾಡಬೇಕೆಂದು ಮನೆಯಲ್ಲಿ ಯಾರಿಗೂ ತಿಳಿಯದು. ನದಿಗೆ ಬಿಡುವ ಪದ್ಧತಿ ಅವರಲ್ಲಿಲ್ಲ. ಕೋಟುಗಳ ಕಪಾಟಿನಲ್ಲಿ, ವ್ಯಾಕ್ಯೂಮ್ ಕ್ಲೀನರಿನ ಪಕ್ಕ ಉಳಿಯಿತು.

ಮೊದಲು ಹೇಳಿದವರು ರುದ್ರಮ್ಮನೇ. ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಿ, "ನಿಂತಾರ ನೋಡ" ಎಂದರು.

"ಯಾರು ಅತ್ತೆ?" ಎಂದಳು ಸುಪ್ರಿಯಾ.

"ನಿಮ್ಮ ಮಾವ. ಕಿಡಕಿ ಹಂತ್ಯಾಕ. ಕುಂದರ್ರಿ, ಕುರ್ಚಿ ಐತಲ್ಲ ಅಂದ್ರ ಕುಂದರವಲ್ರು."

ಕಿಟಕಿಯ ಹತ್ತಿರ ಬಿಸಿಲಿತ್ತು, ಟವೆಲ್ ಹಾಕಿದ ಕುರ್ಚಿಯಿತ್ತು. ಅಷ್ಟೇ. ಆದರೂ ಸುಪ್ರಿಯಾ ಆ ಕುರ್ಚಿಯನ್ನು ಮೇಜಿನ ಒಳಕ್ಕೆ ತಳ್ಳುವುದನ್ನು ಬಿಟ್ಟಳು. ತಳ್ಳಿದರೂ ಬೆಳಗಾಗುವಷ್ಟರಲ್ಲಿ ಅದು ಹೊರಕ್ಕೆ ಬಂದಿರುತ್ತಿತ್ತು. ಅತ್ತೆಯೇ ಎಳೆದಿರಬೇಕು ಎಂದುಕೊಂಡಳು. ಅತ್ತೆಯೋ, ಇವಳೇ ಎಳೆಯುತ್ತಾಳೆಂದು ತಿಳಿದಿದ್ದರು.

"ಅವ್ವಾ, ನಮ್ಮೊಳಗ ದೆವ್ವ ಭೂತ ಇಲ್ಲಂತ ನೀನs ಹೇಳತಿದ್ದಿ" ಎಂದ ರಾಜಶೇಖರ ಒಂದು ದಿನ, ನಗಲು ನೋಡುತ್ತ.

"ಈಗೂ ಅದನs ಹೇಳತೀನಿ. ಲಿಂಗೈಕ್ಯ ಆದವರು ತಿರುಗಿ ಬರಂಗಿಲ್ಲ. ಇವರು ಇನ್ನೂ ಆಗಿಲ್ಲ. ಮಣ್ಣಾಗ ಕುಂದ್ರಬೇಕಾದವರು ಬೆಂಕ್ಯಾಗ ಹೋದ್ರು. ಬೆಂಕ್ಯಾಗ ಕುಂದ್ರಾಕ ಬರತೈತೇನು? ಅದಕ್ಕ ಜಾಗ ಹುಡುಕ್ಯಾಡಾಕತ್ತಾರ."

ಅವನು ನಗುವುದನ್ನು ಬಿಟ್ಟ. ಯಾಕೆಂದರೆ ಅವನೂ ಕಂಡಿದ್ದ. ಬೆಳಗಿನ ರೈಲಿನಲ್ಲಿ, ಮೆಟ್ರೋಪಾರ್ಕ್ ದಾಟಿದ ಮೇಲೆ, ಬೋಗಿಯ ನಡುದಾರಿಯಲ್ಲಿ ಅಪ್ಪನದರಂಥ ಮಂಕಿ ಕ್ಯಾಪ್ ಹಾಕಿದ ಮುದುಕರೊಬ್ಬರು ಸೀಟಿನ ಬೆನ್ನು ಹಿಡಿದು ನಿಂತಿರುತ್ತಿದ್ದರು. ಅರ್ಧ ಬೋಗಿ ಖಾಲಿಯಿರುತ್ತಿತ್ತು. ಯಾಕೆ ಕೂರುವುದಿಲ್ಲ ಇವರು ಎಂದು ಎದ್ದು ಹೋಗಿ ನೋಡುವಷ್ಟರಲ್ಲಿ ರಾವೇ ಸ್ಟೇಷನ್ ಬರುತ್ತಿತ್ತು, ಹತ್ತುವವರ ಕೋಟುಗಳ ನಡುವೆ ಆ ಟೊಪ್ಪಿಗೆ ಕಾಣುತ್ತಿರಲಿಲ್ಲ.

ಇನ್ನೊಂದು ಸಂಗತಿ ಅವನನ್ನು ಇದಕ್ಕಿಂತ ಹೆಚ್ಚು ಹೆದರಿಸಿತು. ಕಾರು ಹತ್ತುವಾಗ ರುದ್ರಮ್ಮ ಕುರ್ಚಿಯ ಮೇಲಿನ ಟವೆಲ್ ತೆಗೆದುಕೊಂಡು ಬರುತ್ತಿದ್ದರು. ಹಿಂದಿನ ಸೀಟಿನಲ್ಲಿ ತಾವು ಒಂದು ಬದಿಗೆ ಕೂತು, ಇನ್ನೊಂದು ಬದಿಗೆ ಟವೆಲ್ ಹಾಸುತ್ತಿದ್ದರು. ಸುಪ್ರಿಯಾ ಮರೆತು ಅಲ್ಲಿ ತರಕಾರಿ ಚೀಲ ಇಟ್ಟರೆ, "ತಗೀಬೇ, ಸೀಟು ಹಿಡಿದೈತಿ" ಎನ್ನುತ್ತಿದ್ದರು.

"ಕಾರಿನ್ಯಾಗ ಮಾತ್ರ ಕುಂದ್ರತಾರ ನೋಡ ರಾಜಾ. ಮನ್ಯಾಗ ನಿಂತs ಇರತಾರ. ಇದರಾಗ ಅದೇನು ಸಮಾಧಾನ ಐತೋ ಏನೋ."

ರಾಜಶೇಖರ ರಸ್ತೆಯನ್ನೇ ನೋಡುತ್ತ ಓಡಿಸುತ್ತಿದ್ದ. ಗ್ಲೋವ್ ಕಂಪಾರ್ಟ್‌ಮೆಂಟಿನ ಬೀಗ ಹಾಕಿದ ಪುಟ್ಟ ಬಾಗಿಲು ಅವನ ಕೈಗೆಟಕುವಷ್ಟು ಹತ್ತಿರವೇ ಇತ್ತು. ಕೊಟ್ಟುಬಿಡಬೇಕು ಎಂದು ಪ್ರತಿಸಲವೂ ಅಂದುಕೊಳ್ಳುತ್ತಿದ್ದ. ಲಿಂಗ ಕೊಟ್ಟರೆ, ಅದು ಕೈಯಲ್ಲಿರಲಿಲ್ಲ ಎಂದು ತಿಳಿಯುತ್ತದೆ. ಒಂದು ಸುಳ್ಳು ತಿಳಿದರೆ ಇನ್ನೊಂದನ್ನೂ ಅವ್ವ ಬಿಡುವವರಲ್ಲ. ಜೂನ್ ನಡುವಿಗೆ ಅವ್ವನ ಫ್ಲೈಟ್. ಅಲ್ಲಿಯವರೆಗೆ ಸುತ್ತು ದಾರಿ ಹಿಡಿದರಾಯಿತು ಎಂದುಕೊಂಡಿದ್ದ.

ಮೇ ಕೊನೆಯ ಸೋಮವಾರ, ಮಡಿದ ಸೈನಿಕರನ್ನು ನೆನೆಯುವ ಮೆಮೋರಿಯಲ್ ಡೇ ರಜೆ. ಊರಿಗೆ ಒಯ್ಯಲು ಸಾಮಾನು ಕೊಳ್ಳಲೆಂದು ಮೂವರೂ ಹೊರಟರು. ಪರೇಡ್ ಇದೆಯೆಂದು ಪೊಲೀಸಿನವನು ಮುಖ್ಯ ರಸ್ತೆಗೆ ಅಡ್ಡ ನಿಂತು ಎಲ್ಲ ಕಾರುಗಳನ್ನೂ ದಿಬ್ಬದ ಕಡೆ ತಿರುಗಿಸುತ್ತಿದ್ದ. ರಾಜಶೇಖರ ಕಿಟಕಿ ಇಳಿಸಿ, ತಾನು ಆ ಕಡೆ ಹೋಗಬೇಕಾಗಿಲ್ಲ ಎಂದ. ಇವತ್ತು ಎಲ್ಲರೂ ಆ ಕಡೆಯೇ ಹೋಗುತ್ತಾರೆ ಎಂದ ಪೊಲೀಸಿನವನು.

ದಿಬ್ಬದ ಮೇಲೆ ಸಾಲು ನಿಂತುಬಿಟ್ಟಿತು. ಸರಿಯಾಗಿ ಚರ್ಚಿನ ಮೋಟುಗೋಡೆಯ ಪಕ್ಕ.

ಹಿಂದಿನ ಸೀಟಿನಲ್ಲಿ ಕಿಟಕಿಯ ಗಾಜು ಇಳಿದ ಸದ್ದು.

"ರಾಜಾ, ಇದು ರುದ್ರಭೂಮಿ ಅಲ್ಲೇನು?"

"ಹೂಂ. ಹಳೇದವ್ವ. ಈ ದೇಶ ಹುಟ್ಟೋದಕ್ಕ ಮುಂಚಿಂದು."

"ನಿಂದ್ರಸು. ಇಳೀತೀನಿ."

"ಇಲ್ಲಿ ಪಾರ್ಕ್ ಮಾಡಂಗಿಲ್ಲವ್ವ."

ಮಾತು ಮುಗಿಯುವುದಕ್ಕೆ ಮುಂಚೆ ಇನ್ನೊಬ್ಬ ಪೊಲೀಸಿನವನು ಚರ್ಚಿನ ಪಾರ್ಕಿಂಗಿಗೆ ಹೋಗಿರೆಂದು ಧಾರಾಳವಾಗಿ ಕೈಬೀಸಿದ. "ಅಂವ ಕರಿಯಾಕತ್ತಾನಲ್ಲ" ಎಂದರು ರುದ್ರಮ್ಮ.

ಗೇಟಿನ ಹತ್ತಿರ ಹುಲ್ಲು ಟೋಪಿ ಹಾಕಿದ ಹಿರಿಯ ಹೆಂಗಸೊಬ್ಬಳು ಪುಟ್ಟ ಪುಟ್ಟ ಬಾವುಟಗಳ ಕಟ್ಟು ಹಿಡಿದು ನಿಂತಿದ್ದಳು. ಹೆಸರು ಹೆಲೆನ್, ಚರ್ಚು ನೋಡಲು ಬಂದವರಿಗೆ ತಾನೇ ತೋರಿಸುವವಳು ಎಂದು ಹೇಳಿಕೊಂಡಳು. ಇವರೂ ಅದಕ್ಕೇ ಬಂದವರೆಂದು ಅವಳಿಗೆ ಖುಷಿ. ರುದ್ರಮ್ಮ ಸೀರೆಯ ಕೆಳಗೆ ಹಾಕಿಕೊಂಡಿದ್ದ ಸ್ನೀಕರ್ಸ್ ಬಿಚ್ಚಿ ಗೇಟಿನಲ್ಲಿ ಬಿಟ್ಟರು. ಹುಲ್ಲಿನಲ್ಲಿ ಉಣ್ಣೆ ಹುಳಗಳಿವೆ, ಕಚ್ಚಿದರೆ ಜ್ವರ ಬರುತ್ತದೆ ಎಂದು ಹೆಲೆನ್ ಗಾಬರಿಯಾದಳು.

"ಗದ್ದಿಗಿ ಇರೋ ಜಾಗಕ್ಕ ಕಾಲ್ಮರಿ ಹಾಕ್ಕೊಂಡು ಹೋಗಾಕ ಬರಂಗಿಲ್ಲಂತ ಹೇಳು" ಎಂದು ರುದ್ರಮ್ಮ ಮುಂದೆ ನಡೆದೇಬಿಟ್ಟರು.

ಚರ್ಚಿನೊಳಗೆ ತಂಪಿತ್ತು, ಹಳೆಯ ಮರದ ವಾಸನೆ. ಬೆಂಚುಗಳಿಗೆ ಒಂದೊಂದು ಪುಟ್ಟ ಬಾಗಿಲು, ಬಾಗಿಲಿಗೆ ಒಂದೊಂದು ಮನೆತನದ ಹೆಸರು. ಒಂದು ಮನೆಯವರ ಬೆಂಚಿನಲ್ಲಿ ಇನ್ನೊಬ್ಬರು ಕೂರುವಂತಿರಲಿಲ್ಲ ಎಂದು ಹೆಲೆನ್ ಹೇಳಿದ್ದನ್ನು ಸುಪ್ರಿಯಾ ತಿಳಿಸಿದಳು.

"ಅಂದ್ರ ಸೀಟು ಹಿಡಿದಿರತಿದ್ರು. ನಿಮ್ಮ ಮಾವಗ ಹಿಡಸ್ತಿತ್ತು ಈ ಗುಡಿ" ಎಂದು ರುದ್ರಮ್ಮ ಒಂದು ಬಾಗಿಲು ತೆರೆದು, ಕೂರದೆ, ಹಲಗೆಯ ಮೇಲೆ ಕೈಯಾಡಿಸಿ, ಮತ್ತೆ ಮುಚ್ಚಿದರು. ಮುಚ್ಚಿದ ಬಾಗಿಲು ಅವರು ಬೆನ್ನು ತಿರುಗಿಸಿದ ಮೇಲೆ ಸದ್ದಿಲ್ಲದೆ ತೆರೆದುಕೊಂಡಿತು. ಹಳೆಯ ಕಟ್ಟಡ, ನೆಲ ವಾಲಿದೆ ಎಂದಳು ಹೆಲೆನ್. ರಾಜಶೇಖರ ಎಲ್ಲರಿಗಿಂತ ಮೊದಲು ಹೊರಗೆ ಬಂದ.

ಹೊರಗೆ ಕಲ್ಲುಗಳ ನಡುವೆ ನಡೆಯುತ್ತ ರುದ್ರಮ್ಮ ಕೇಳಿದರು. "ಇವರನ್ನೆಲ್ಲ ಮಲಗಿಸ್ಯಾರೋ ಕುಂದ್ರಸ್ಯಾರೋ, ಕೇಳು."

ಇಷ್ಟು ವರ್ಷದಲ್ಲಿ ಯಾರೂ ಈ ಪ್ರಶ್ನೆ ಕೇಳಿಲ್ಲ ಎಂದು ಹೆಲೆನ್ ನಕ್ಕಳು. ಮಲಗಿಸಿದ್ದಾರೆ, ಕಾಲು ಪೂರ್ವಕ್ಕೆ. ಕೊನೆಯ ದಿನ ಎಲ್ಲರೂ ಎದ್ದು ಕೂತಾಗ ಸೂರ್ಯ ಎದುರಿಗೇ ಇರಬೇಕು, ಅದಕ್ಕೆ.

"ಕಡೀಕ ಎದ್ದು ಕುಂದ್ರೋದs ಆದ್ರ ಮೊದಲs ಕುಂದ್ರಸಿದ್ರ ಆಗತಿತ್ತಲ್ಲ" ಎಂದರು ರುದ್ರಮ್ಮ. ಸುಪ್ರಿಯಾ ಅದನ್ನೂ ಇಂಗ್ಲಿಷಿಗೆ ಮಾಡಿ ಹೇಳಿದಳು. ಹೆಲೆನ್‌ಗೆ ನಗು ತಡೆಯಲಾಗಲಿಲ್ಲ, ಬಾವುಟಗಳು ಕೈಯಿಂದ ಜಾರಿದವು.

ಕಲ್ಲುಗಳ ನೆತ್ತಿಯ ಮೇಲೆ ರೆಕ್ಕೆ ಮೂಡಿದ ಮುಖಗಳನ್ನು ಕೆತ್ತಿದ್ದರು. ಮಳೆಗೆ ಮೂಗು ಸವೆದು, ಕಣ್ಣು ಮಾತ್ರ ಉಳಿದಿದ್ದವು. ಅದು ಹಾರಿಹೋಗುವ ಜೀವ ಎಂದು ಕೇಳಿ ರುದ್ರಮ್ಮ ತಲೆದೂಗಿದರು. "ಹಾರಿ ಹೋದ್ರ ಛಲೋ. ನಮ್ಮವರಂಗ ನಿಂತಲ್ಲೆ ನಿಂದ್ರಬಾರದು." ಆಮೇಲೆ ಒಂದು ಕಲ್ಲಿನ ಮುಂದೆ ಬಗ್ಗಿದರು. "ಇದರ ಮ್ಯಾಲೆ ಏನು ಬರದೈತಿ ಓದs ಸುಪ್ರಿಯಾ."

ಗಂಡ ಅತ್ತೆಗೆ ಹೇಳಿದ್ದ ಸುಳ್ಳು ಸುಪ್ರಿಯಾಗೆ ಗೊತ್ತಿರಲಿಲ್ಲ. ಕ್ರಿಮೇಶನ್ ಆದದ್ದು ಅತ್ತೆಯನ್ನು ಕೇಳಿಯೇ ಎಂದುಕೊಂಡಿದ್ದಳು. ಪಾಚಿಯನ್ನು ಉಗುರಿನಿಂದ ಕೆರೆದು ಓದುತ್ತ ಹೋದಳು. "ಇವಳು ಕ್ಯಾಟರೀನಾ ಅಂತೆ ಅತ್ತೆ. ಚಿಕ್ಕ ವಯಸ್ಸು. ಹೋಗಿದ್ದು ಆಗಸ್ಟಲ್ಲಿ."

"ಪಾಪ. ಬ್ಯಾಸಗಿ. ಮುಂದಿಂದು?"

"ಇವನು ಅವಳ ಗಂಡ. ಜನವರಿ."

ರುದ್ರಮ್ಮ ಬಗ್ಗಿದವರು ನೆಟ್ಟಗಾದರು. "ಜನವರಿ ಅಂದ್ರ ಹಿಮ ಬೀಳೂ ತಿಂಗಳು ಹೌದಲ್ಲಬೇ?"

"ಹೂಂ ಅತ್ತೆ. ಇಲ್ನೋಡಿ, ಇವರು ಅಣ್ಣತಮ್ಮ ಇರಬೇಕು, ಇಬ್ಬರದೂ ಫೆಬ್ರುವರಿ."

ರಾಜಶೇಖರ ಹಿಂದೆ ನಿಂತಿದ್ದ. ದೂರದಲ್ಲಿ ಪರೇಡಿನ ಬ್ಯಾಂಡು ಬಾರಿಸುತ್ತಿತ್ತು. ಅವನ ಬೆನ್ನ ಹಿಂದೆ, ತೀರ ಹತ್ತಿರ, ಯಾರೋ ನಿಂತು ಕಾಲು ಬದಲಿಸಿದಂತೆ ಹುಲ್ಲು ಸರಿಯಿತು. ಅವನು ತಿರುಗಲಿಲ್ಲ.

"ರಾಜಾ" ಎಂದರು ರುದ್ರಮ್ಮ, ಕಲ್ಲನ್ನೇ ನೋಡುತ್ತ. "ಚಳಿಗಾಲದಾಗ ಸತ್ತವರನ್ನ ಹೆಂಗ ಮಣ್ಣು ಮಾಡತಿದ್ರು, ಕೇಳು ಆಕೀನ್ನ."

"ಅದು ಹಳೇ ಕಾಲದ್ದವ್ವ."

"ಹಳೇ ಕಾಲದಾಗ ನೆಲ ಮೆತ್ತಗಿತ್ತೇನು? ಕೇಳು."

ಅವನು ಕೇಳಿದ. ಹೆಲೆನ್ ಉತ್ಸಾಹದಿಂದ ಅವರನ್ನು ಹಿಂದಿನ ಗೋಡೆಯ ಮೂಲೆಗೆ ಕರೆದುಕೊಂಡು ಹೋದಳು. ಅಲ್ಲಿ ದಿಬ್ಬದೊಳಕ್ಕೆ ಕೊರೆದ ಪುಟ್ಟ ಕಲ್ಲಿನ ಕೋಣೆಯಿತ್ತು, ತುಕ್ಕು ಹಿಡಿದ ಕಬ್ಬಿಣದ ಬಾಗಿಲು. ಅವಳು ಬಾಗಿಲಿನ ಮೇಲೆ ಅಂಗೈ ಇಟ್ಟು ಹೇಳತೊಡಗಿದಳು. ಎಲ್ಲ ಹೇಳಿ ಮುಗಿಸಿ, ಮಗನೇ ಅಮ್ಮನಿಗೆ ತಿಳಿಸಲಿ ಎಂದು ಅವನತ್ತ ನೋಡಿದಳು. ಸುಪ್ರಿಯಾ ಬಾಯಿ ತೆರೆದವಳು ಗಂಡನ ಮುಖ ಕಂಡು ಪಕ್ಕಕ್ಕೆ ಸರಿದಳು.

ಹೆಲೆನ್ ಹೇಳಿದ್ದರಲ್ಲಿ ಎರಡು ಮಾತಿದ್ದವು. ಒಂದನ್ನು ಹೇಳಿ ಇನ್ನೊಂದನ್ನು ನುಂಗಬಹುದಾಗಿತ್ತು. ಅವ್ವನಿಗೆ ಇಂಗ್ಲಿಷ್ ಬಾರದು. ರಾಜಶೇಖರ ಕಬ್ಬಿಣದ ಬಾಗಿಲನ್ನು ನೋಡಿದ. ತುಕ್ಕಿನ ತೂತಿನೊಳಗೆ ಕತ್ತಲೆ, ಮೇ ತಿಂಗಳಲ್ಲೂ ಅಲ್ಲಿಂದ ಚಳಿ ಬರುತ್ತಿತ್ತು.

"ನೆಲ ಗಟ್ಟಿ ಆದಾಗ ಅಗಿಯಾಕ ಆಗತಿದ್ದಿಲ್ಲಂತ" ಎಂದ. "ಆಗ ಸತ್ತವರನ್ನ ಇದರೊಳಗ ಇಡತಿದ್ರಂತ. ಹಿಮ ಕರಗೋತನಕ ಕಾಯತಿದ್ರಂತ. ಆಮ್ಯಾಲೆ ಮಣ್ಣು ಮಾಡತಿದ್ರು."

"ಕಾಯತಿದ್ರಂತ" ಎಂದರು ರುದ್ರಮ್ಮ.

"ಹೂಂ."

"ಈಗ?"

"ಈಗ ಮಷೀನು ಅದಾವಂತ. ಯಾವ ತಿಂಗಳಾದ್ರೂ ಅಗೀತಾರಂತ. ಈ ಚಳಿಗಾಲದಾಗೂ ಮಾಡ್ಯಾರಂತ." ಅವನ ದನಿ ಇಳಿಯಿತು. "ಕಾಯ್ದೆ ಗೀಯ್ದೆ ಏನೂ ಇಲ್ಲವ್ವ. ನಾ ಕೇಳಲೇ ಇಲ್ಲ. ಬ್ಯಾಡ ಅಂತ ಒಂದು ಮಾತು ಬಾಯಿಂದ ಬರಲಿಲ್ಲ ನನಗ. ಬಂದು ನಿನ್ನ ಮುಂದ ಸುಳ್ಳು ಹೇಳಿದೆ."

ರುದ್ರಮ್ಮ ಅವನನ್ನು ನೋಡಲಿಲ್ಲ. ಬಾಗಿಲಿನ ಮೇಲೆ ಹೆಲೆನ್ ಇಟ್ಟಿದ್ದ ಕಡೆಯೇ ತಾವೂ ಅಂಗೈ ಇಟ್ಟರು. "ನಾವೂ ಕಾಯತಿದ್ವೆಲ್ಲೋ. ಬಸ್‌ಸ್ಟ್ಯಾಂಡಿನ ಮಂದಿ ನಾವು. ನಮಗೇನು ಕಾಯೋದು ಗೊತ್ತಿದ್ದಿಲ್ಲೇನು?"

"ಇನ್ನೊಂದೈತಿ ಅವ್ವ" ಎಂದು ಅವನು ಕಾರಿನ ಕಡೆ ನಡೆದ.

ಗ್ಲೋವ್ ಕಂಪಾರ್ಟ್‌ಮೆಂಟಿನ ಕೀಲಿ ತಿರುಗಿಸಿ ಆ ದಪ್ಪ ಚೀಲ ಹೊರತೆಗೆದ. ಹಿಂದಿನ ಸೀಟಿನಲ್ಲಿ ಟವೆಲ್ ಇತ್ತು, ಯಾರೋ ಈಗಷ್ಟೇ ಎದ್ದುಹೋದಂತೆ ನಡುವೆ ತುಸು ಕುಸಿದಿತ್ತು. ಚೀಲ ತಂದು ಅವ್ವನ ಕೈಗೆ ಕೊಟ್ಟ. ರುದ್ರಮ್ಮ ಕರಡಿಗೆಯ ಮುಚ್ಚಳ ತೆಗೆದರು. ಒಳಗಿನ ಕಪ್ಪು ಲಿಂಗವನ್ನು ಕಣ್ಣಿಗೆ ಒತ್ತಿಕೊಂಡರು.

"ಅದಕ್ಕ" ಎಂದರು ಕೊನೆಗೆ. "ಅದಕ್ಕ ಕಾರಿನ್ಯಾಗ ಕುಂದ್ರತಿದ್ರು."

"ತಪ್ಪಾತವ್ವ."

"ನನ್ನ ಮುಂದ ಸುಳ್ಳು ಹೇಳಿದ್ದಿರಲಿ. ಮಕ್ಕಳು ಹೇಳತಾರ. ಅವರನ್ನ ಇಷ್ಟು ದಿನ ನಿಂದ್ರಸಿದೆಲ್ಲೋ ರಾಜಾ. ಮಣಕಾಲು ನೋವಿನ ಮನುಷ್ಯಾನ್ನ."

ರಾಜಶೇಖರ ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತ. ಅಪ್ಪ ಹೋದಂದಿನಿಂದ ಅತ್ತಿರದವನು ಈಗ ಅತ್ತ. ಹೆಲೆನ್ ಟೋಪಿ ತೆಗೆದು ಹಿಡಿದುಕೊಂಡು ನಿಂತಳು. ಸುಪ್ರಿಯಾ ತನಗೆ ತಿಳಿದಷ್ಟನ್ನು, ಈಗ ತಾನೇ ತಿಳಿದದ್ದನ್ನೂ ಸೇರಿಸಿ, ಮೆಲ್ಲಗೆ ಅವಳಿಗೆ ಹೇಳಿದಳು. ಹೆಲೆನ್ ಗೋಡೆಯ ಬುಡದ ಹುಲ್ಲುಪಟ್ಟಿ ತೋರಿಸಿ, ಬೂದಿ ಮಣ್ಣು ಮಾಡುವವರಿಗೆಂದು ಅಲ್ಲಿ ಜಾಗ ಬಿಟ್ಟಿದ್ದೇವೆ, ಪಾದ್ರಿಯವರನ್ನು ಕೇಳಬೇಕು, ಕೇಳಿದರೆ ಬೇಡ ಅನ್ನಲಾರರು ಎಂದಳು.

"ನಮ್ಮ ಲಿಂಗ ಒಳಗ ಇಡತೀವಿ. ಇವರ ದೇವರಿಗೆ ನಡೀತೈತೇನು ಅಂತನೂ ಕೇಳು. ಆಮ್ಯಾಲೆ ತಕರಾರು ಬ್ಯಾಡ" ಎಂದರು ರುದ್ರಮ್ಮ.

ಪಾದ್ರಿ ಒಪ್ಪಿದರು. ಲಿಂಗದ ವಿಷಯ ಕೇಳಿ, ಅದು ಅವರ ಕೈಯಲ್ಲಿ ಇರಬೇಕಾದದ್ದು ತಾನೇ ಎಂದಷ್ಟೇ ಕೇಳಿದರಂತೆ. ಒಂದೇ ನಿಯಮ, ಪ್ಲಾಸ್ಟಿಕ್ಕಾಗಲಿ ಸ್ಟೀಲಾಗಲಿ ಮಣ್ಣಿನೊಳಗೆ ಬೇಡ.

ಅಂದು ಸಂಜೆ ಬಿಳಿ ಡಬ್ಬಿ ಕಪಾಟಿನಿಂದ ಊಟದ ಮೇಜಿಗೆ ಬಂತು. ರುದ್ರಮ್ಮ ಅದನ್ನು ಉದ್ದಕ್ಕೆ ಇಟ್ಟು ನೋಡಿದರು. "ಹಿಂಗಿಟ್ರ ಮಲಗಿದಂಗ." ಎತ್ತಿ ನಿಲ್ಲಿಸಿದರು. "ಹಿಂಗಿಟ್ರ ನಿಂತಂಗ."

"ಅತ್ತೆ, ದುಂಡಗಿರೋದು ಬೇಕು. ತಲೆ ಕಾಲು ಇರಬಾರದು ಅದಕ್ಕೆ" ಎಂದಳು ಸುಪ್ರಿಯಾ. ಮರುದಿನ ಗಿಡ ಮಾರುವ ಅಂಗಡಿಯಿಂದ ಹೊಟ್ಟೆ ದೊಡ್ಡದಿದ್ದ ಮಣ್ಣಿನ ಕುಂಡ ತಂದಳು. ರುದ್ರಮ್ಮ ಅದನ್ನು ಬೋರಲು ಹಾಕಿ, "ತಳದಾಗ ತೂತು ಐತೆಲ್ಲಬೇ" ಎಂದರು.

"ನೀರು ಹೋಗಕ್ಕೆ ಅತ್ತೆ."

"ಇರಲಿ ಬಿಡು. ತೂತು ಮುಚ್ಚಾಕ ನನ್ನ ಹಂತ್ಯಾಕ ಐತಿ."

ಜೂನ್ ಮೊದಲ ಶನಿವಾರ ಬೆಳಿಗ್ಗೆ ಗುಣಿಯನ್ನು ರಾಜಶೇಖರನೇ ತೋಡಿದ. ಹುಲ್ಲಿನ ಕೆಳಗೆ ಕೆಂಪು ಮಣ್ಣು, ಇಟ್ಟಿಗೆಯಂಥ ಕೆಂಪು. ಪ್ರಾಣೇಶ ಬಂದಿದ್ದ. ಗುದ್ದಲಿಗೆ ಕೈಹಾಕಲು ಹೋದವನು ನಿಂತು, "ಅವತ್ತ ಒಂದ ಮಾತು ಅಂದಿದ್ರ ನಾನs ಮುಂದ ನಿಂತು ಮಾಡಸ್ತಿದ್ದೆನಲ್ಲೋ" ಎಂದ.

"ಅನ್ನಲಿಲ್ಲ" ಎಂದ ರಾಜಶೇಖರ, ತೋಡುತ್ತಲೇ. ಒಳಬದಿಗೆ ಒಂದು ಸಣ್ಣ ಗೂಡೂ ತೆಗೆದ. ಅಜ್ಜನಿಗೆ ಹಾಗೆ ತೆಗೆದಿದ್ದರು.

ಹೆಲೆನ್ ಷೂ ಬಿಚ್ಚಿರಲಿಲ್ಲ. ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ತುರುಕಿಕೊಂಡು, ಉಣ್ಣೆಗಳ ಮೇಲೆ ಕಣ್ಣಿಟ್ಟು ನಿಂತಿದ್ದಳು. ಬರಿಗಾಲಿನ ರುದ್ರಮ್ಮ ಕುಂಡದ ಮುಂದೆ ಕೂತು, ತಮ್ಮ ಹೆಗಲ ಮೇಲಿನಿಂದ ತಿಪ್ಪಣ್ಣನವರ ಟವೆಲ್ ತೆಗೆದರು. ಅಂಚಿನಲ್ಲಿ ಕೆಂಪು ಪಟ್ಟಿಯ ಹಳೆಯ ಟವೆಲ್. ಅದನ್ನು ನಾಲ್ಕು ಮಡಿಕೆ ಮಾಡಿ ಕುಂಡದ ತಳಕ್ಕೆ ಹಾಸಿದರು, ಅಂಗೈಯಿಂದ ಒತ್ತಿ ಸುಕ್ಕು ತೆಗೆದರು.

"ಸೀಟು ಹಿಡಿದೀನ್ರಿ. ಇನ್ನ ನಿಧಾನಕ ಬರ್ರಿ" ಎಂದರು.

ಬೂದಿ ಸುರಿದರು. ಊರಿನಿಂದ ತಂದ ವಿಭೂತಿ ಗಟ್ಟಿಯನ್ನು ಪುಡಿ ಮಾಡಿ ಮೇಲೆ ಹಾಕಿದರು. ಆಮೇಲೆ ಕರಡಿಗೆಯಿಂದ ಲಿಂಗ ತೆಗೆದು ಮಗನ ಕೈಗೆ ಕೊಟ್ಟರು. ಅವನು ಬಲಗೈಯಲ್ಲಿ ತೆಗೆದುಕೊಂಡ. ರುದ್ರಮ್ಮ ಹಾಗಲ್ಲವೆಂದು ತಲೆಯಾಡಿಸಿದರು. ಅವನು ಅದನ್ನು ಎಡ ಅಂಗೈಗೆ ಬದಲಿಸಿ, ಆ ಅಂಗೈಯನ್ನೇ ಕುಂಡದೊಳಗೆ ಇಳಿಸಿ, ಬೂದಿಯ ಮೇಲೆ ಇಟ್ಟ. ಬೂದಿ ಬೆಚ್ಚಗಿತ್ತು. ಬಿಸಿಲಿಗೆ ಇರಬೇಕು. ಎತ್ತಲು ಮನಸ್ಸಾಗದೆ ಕೈ ಅಲ್ಲೇ ತುಸು ಹೊತ್ತು ಉಳಿಯಿತು. ಕೆಳಗಿನಿಂದ ಏನೋ ಮೆಲ್ಲಗೆ ಒಂದು ಸಲ ಇಳಿದಂತೆ, ದಣಿದವರು ಕುರ್ಚಿಯಲ್ಲಿ ಮೈ ಬಿಟ್ಟಾಗ ಇಳಿಯುತ್ತದಲ್ಲ ಹಾಗೆ, ಬೂದಿ ತಳಕ್ಕೆ ಕುಸಿಯಿತು.

"ಕುಂತ್ರು" ಎಂದರು ರುದ್ರಮ್ಮ. ಕೇಳಲಿಲ್ಲ, ಹೇಳಿದರು.

ಹಿಂತಿರುಗುವಾಗ ಅವನು ಹಿಂದಿನ ಬಾಗಿಲು ತೆರೆದು ಹಿಡಿದ. ರುದ್ರಮ್ಮ ಹತ್ತಿ, ಎಂದಿನಂತೆ ಒಂದು ಬದಿಗೆ ಸರಿದವರು, ಪಕ್ಕದ ಖಾಲಿ ಸೀಟನ್ನು ಒಮ್ಮೆ ನೋಡಿ, "ಸುಪ್ರಿಯಾ, ನೀ ಬಂದು ಇಲ್ಲಿ ಕುಂದರು ಬಾ" ಎಂದು ಕರೆದರು. ಕಾರು ನೆಟ್ಟಗಿನ ದಾರಿಯಲ್ಲೇ ಮನೆಗೆ ಹೋಯಿತು. ಊಟದ ಮೇಜಿನ ಕಿಟಕಿ ಪಕ್ಕದ ಕುರ್ಚಿ ಅಂದಿನಿಂದ ತಳ್ಳಿದಲ್ಲೇ ಇತ್ತು.

ಅವ್ವನನ್ನು ಫ್ಲೈಟ್ ಹತ್ತಿಸಿ ಬಂದ ಮರುದಿನ ರಾಜಶೇಖರ ಬೆಳಗಿನ ರೈಲು ಹತ್ತಿದ. ಕಿಟಕಿಯ ಪಕ್ಕ ಕೂತ. ಮೆಟ್ರೋಪಾರ್ಕ್ ದಾಟಿದ ಮೇಲೆ ತಲೆಯೆತ್ತಿ ನೋಡಿದ. ನಡುದಾರಿಯಲ್ಲಿ ಯಾರೂ ನಿಂತಿರಲಿಲ್ಲ. ಕಾದ. ರಾವೇ ಬಂತು, ಜನ ಹತ್ತಿದರು, ಆ ಟೊಪ್ಪಿಗೆ ಎಲ್ಲೂ ಇರಲಿಲ್ಲ. ತನಗೇ ಅರಿವಿಲ್ಲದೆ ಅವನು ಜೇಬಿನ ಕರವಸ್ತ್ರ ತೆಗೆದು ಪಕ್ಕದ ಸೀಟಿನ ಮೇಲೆ ಹಾಸಿದ್ದ.

ನ್ಯೂವಾರ್ಕಿನಲ್ಲಿ ಹತ್ತಿದ ಹೆಂಗಸೊಬ್ಬಳು ಚೀಲ ಹಿಡಿದು ಅವನ ಮುಂದೆ ನಿಂತು, ಇಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿದಳು.

ರಾಜಶೇಖರ ಕರವಸ್ತ್ರದ ಕಡೆ ನೋಡಿದ. "ಇಲ್ಲ" ಎಂದ. ಅದನ್ನು ಎತ್ತಿಕೊಂಡು, ಮಡಚಿ, ಎಡ ಅಂಗೈಯಲ್ಲಿ ಹಿಡಿದುಕೊಂಡ.